ಜೆರಾಲ್ಡ್ ಆಂಜಿಯರ್ ಮತ್ತು ಮುಂಬಯಿ ವಸಾಹತಿನ ನೆಲೆ

ಹದಿನೇಳನೆಯ ಶತಮಾನದಲ್ಲಿ ಇಂಗ್ಲಿಷರು ಕಡಲಾಚೆ ಸ್ಥಾಪಿಸಿದ ವಸಾಹತುಗಳೆಲ್ಲವೂ ಒಂದೇ ಬಗೆಯವಲ್ಲ. 1607ರಲ್ಲಿ ವರ್ಜೀನಿಯದ ಜೇಮ್ಸ್‌ಟೌನಿನಲ್ಲಿ ನೆಲೆಯೂರಿದವರು ಹೊಗೆಸೊಪ್ಪಿನ ಬೇಸಾಯದಿಂದ ಬದುಕು ಕಟ್ಟಿಕೊಂಡರು. ಅದಕ್ಕಾಗಿ ಮೂಲನಿವಾಸಿಗಳ ಭೂಮಿಯನ್ನು ಕಿತ್ತುಕೊಂಡರು. 1627ರಲ್ಲಿ ವಶಕ್ಕೆ ಬಂದ ಬಾರ್ಬಡೋಸ್ ದ್ವೀಪವು ಸಕ್ಕರೆಯಿಂದ ಶ್ರೀಮಂತವಾಯಿತು. ಆ ಸಿರಿಯ ಹಿಂದೆ ಆಫ್ರಿಕದಿಂದ ತಂದ ಗುಲಾಮರ ಬೆವರಿತ್ತು. ಇವೆರಡಕ್ಕೂ ಹೋಲಿಸಿದರೆ ಮುಂಬಯಿಯ ಬೆಳವಣಿಗೆ ಭಿನ್ನವಾದುದು. ಇಲ್ಲಿ ಹೊಗೆಸೊಪ್ಪಿನ ತೋಟಗಳಿರಲಿಲ್ಲ, ಕಬ್ಬಿನ ಗದ್ದೆಗಳಿರಲಿಲ್ಲ. ಇದ್ದದ್ದು ತೆಂಗು, ಭತ್ತ, ಉಪ್ಪು, ಮೀನು ಹಾಗೂ ಒಂದು ಆಳವಾದ ಬಂದರು. ಇಂಗ್ಲೆಂಡಿನಿಂದ ಬಂದು ನೆಲೆಸಿದವರೂ ಅತಿ ಕಡಿಮೆ. ಆದ್ದರಿಂದ ಈ ವಸಾಹತು ಬೆಳೆಯಬೇಕಾದರೆ ಅನ್ಯರು ಇಲ್ಲಿಗೆ ಬಂದು ನೆಲೆಸಬೇಕಿತ್ತು. ಈ ಸತ್ಯವನ್ನು ಮೊದಲು ಸ್ಪಷ್ಟವಾಗಿ ಕಂಡುಕೊಂಡು, ಅದಕ್ಕೆ ತಕ್ಕ ಆಡಳಿತವನ್ನು ರೂಪಿಸಿದವನು ಜೆರಾಲ್ಡ್ ಆಂಜಿಯರ್.

ಮುಂಬಯಿ ಇಂಗ್ಲಿಷರ ಕೈಸೇರಿದುದು ಯುದ್ಧದಿಂದಲ್ಲ, ಮದುವೆಯಿಂದ. ಪೋರ್ತುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಎರಡನೆಯ ಚಾರ್ಲ್ಸ್ ದೊರೆ ವರಿಸಿದಾಗ, 1661ರ ಒಪ್ಪಂದದಂತೆ ಈ ದ್ವೀಪ ಅವನಿಗೆ ಬಳುವಳಿಯಾಗಿ ಬಂತು. ಆದರೆ ಅದನ್ನು ಬಿಟ್ಟುಕೊಡಲು ಇಲ್ಲಿನ ಪೋರ್ತುಗೀಸರಿಗೆ ಮನಸ್ಸಿರಲಿಲ್ಲ. ದ್ವೀಪ ಇಂಗ್ಲಿಷರ ವಶಕ್ಕೆ ಬಂದದ್ದು 1665ರ ಫೆಬ್ರವರಿಯಲ್ಲಿ. ಆದಾಯಕ್ಕಿಂತ ವೆಚ್ಚವೇ ಹೆಚ್ಚಾದ ಈ ಆಸ್ತಿಯನ್ನು ದೊರೆ 1668ರಲ್ಲಿ ವರ್ಷಕ್ಕೆ ಕೇವಲ 10 ಪೌಂಡುಗಳ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟನು. ಆ ಕಾಲಕ್ಕೆ ಇಲ್ಲಿನ ಜನಸಂಖ್ಯೆ ಸುಮಾರು 10,000 ಎಂದು ಅಂದಾಜು ಮಾಡಲಾಗಿದೆ.

ಆಂಜಿಯರ್ ಐರ್ಲೆಂಡಿನ ಲಾಂಗ್‌ಫರ್ಡ್‌ನೊಡನೆ ಸಂಬಂಧವಿದ್ದ ಕುಲೀನ ಮನೆತನಕ್ಕೆ ಸೇರಿದವನು. 1660ರ ದಶಕದ ಆರಂಭದಲ್ಲಿ ಕಂಪನಿಯ ನೌಕರನಾಗಿ ಸೂರತ್ತಿಗೆ ಬಂದನು. 1664ರಲ್ಲಿ ಶಿವಾಜಿ ಸೂರತ್ತಿನ ಮೇಲೆ ದಾಳಿ ಮಾಡಿದಾಗ, ಜಾರ್ಜ್ ಆಕ್ಸೆಂಡನ್ನನ ನೇತೃತ್ವದಲ್ಲಿ ಇಂಗ್ಲಿಷರು ತಮ್ಮ ಕೋಠಿಯನ್ನು ಉಳಿಸಿಕೊಂಡರು. ಸಂಪದ್ಭರಿತ ನಗರವೊಂದು ರಕ್ಷಣೆಯಿಲ್ಲದೆ ಕೆಲವೇ ದಿನಗಳಲ್ಲಿ ಸೂರೆಹೋದುದು ಆ ಕಾಲದ ವರ್ತಕರೆಲ್ಲರಿಗೂ ಪಾಠವಾಯಿತು. 1669ರ ಜುಲೈನಲ್ಲಿ ಆಕ್ಸೆಂಡನ್ ತೀರಿಕೊಂಡನು. ಸೂರತ್ತಿನ ಅಧ್ಯಕ್ಷಸ್ಥಾನ, ಅದರೊಂದಿಗೆ ಮುಂಬಯಿಯ ಗವರ್ನರ್ ಪದವಿ ಆಂಜಿಯರನ ಪಾಲಿಗೆ ಬಂದವು. ಆಗ ಅವನಿಗೆ ಮೂವತ್ತರ ಆಸುಪಾಸಿನ ವಯಸ್ಸು. ದ್ವೀಪದ ವ್ಯವಸ್ಥೆಯನ್ನು ಕಣ್ಣಾರೆ ಕಾಣಲು 1670ರ ಆರಂಭದಲ್ಲಿ ಅವನು ಮುಂಬಯಿಗೆ ಬಂದನು. ಮತ್ತೆ 1672ರಿಂದ 1675ರವರೆಗೆ ಇಲ್ಲಿಯೇ ನೆಲೆಸಿದನು. ಅವನ ಹೆಸರು ಉಳಿಯುವಂತೆ ಮಾಡಿದ ಕೆಲಸಗಳು ಬಹುಪಾಲು ಈ ಮೂರು ವರ್ಷಗಳಲ್ಲಿ ನಡೆದವು.

ಮೊದಲ ತೊಡಕು ಭೂಮಿಯದು. ಪೋರ್ತುಗೀಸರ ಕಾಲದಿಂದ ಹಿಡುವಳಿ ನಡೆಸಿಕೊಂಡು ಬಂದವರ ಹಕ್ಕುಪತ್ರಗಳನ್ನು ಇಂಗ್ಲಿಷ್ ಅಧಿಕಾರಿಗಳು ಪ್ರಶ್ನಿಸಿ, ಹಲವರ ಜಮೀನುಗಳನ್ನು ವಶಪಡಿಸಿಕೊಂಡಿದ್ದರು. ಯಾರ ನೆಲ ಯಾರದೆಂಬುದೇ ಅನಿಶ್ಚಿತವಾದ ಊರಿನಲ್ಲಿ ಯಾರೂ ಮನೆ ಕಟ್ಟಲಾರರು, ತೋಟ ಬೆಳೆಸಲಾರರು. ಆಂಜಿಯರ್ ಹಿಡುವಳಿದಾರರನ್ನು ಕರೆಸಿ ಮಾತುಕತೆ ನಡೆಸಿದನು. ಅವರೆಲ್ಲರೂ ಒಟ್ಟಾಗಿ ವರ್ಷಕ್ಕೆ 20,000 ಶೆರಾಫಿನ್‌ಗಳನ್ನು ಕಂಪನಿಗೆ ಸಲ್ಲಿಸುವುದು, ಕಂಪನಿ ಅವರ ಭೂಮಿಯ ಮೇಲಿನ ತನ್ನ ತಕರಾರುಗಳನ್ನು ಕೈಬಿಡುವುದು ಎಂದು 1672ರಲ್ಲಿ ಒಡಂಬಡಿಕೆಯಾಯಿತು. 1674ರಲ್ಲಿ ಅದು ದೃಢಪಟ್ಟಿತು. ಮುಂಬಯಿಯ ಭೂ ಇತಿಹಾಸದಲ್ಲಿ ಆಂಜಿಯರನ ಒಡಂಬಡಿಕೆ ಎಂದೇ ಇದು ಪ್ರಸಿದ್ಧವಾಗಿದೆ. ಆದರೆ ಇದನ್ನು ಅತಿಯಾಗಿ ಕೊಂಡಾಡುವುದೂ ಸಲ್ಲದು. ಮಾತುಕತೆಯಲ್ಲಿ ಮೇಲುಗೈಯಾದುದು ಹಿಡುವಳಿದಾರರ ದನಿ. ಉಳುವ ಕುಣಬಿಗಳ, ಬಲೆ ಬೀಸುವ ಕೋಲಿ ಬೆಸ್ತರ ಬದುಕಿನ ಭಾರ ಅದರಿಂದ ಹೆಚ್ಚೇನೂ ಹಗುರಾಗಲಿಲ್ಲ.

ಎರಡನೆಯದು ನ್ಯಾಯ. 1672ರ ಆಗಸ್ಟಿನಲ್ಲಿ ಪೋರ್ತುಗೀಸ್ ಕಾನೂನು ರದ್ದಾಗಿ ಇಂಗ್ಲಿಷ್ ಕಾನೂನು ಜಾರಿಗೆ ಬಂತು. ಅದೇ ತಿಂಗಳ 8ರಂದು ಜಾರ್ಜ್ ವಿಲ್ಕಾಕ್ಸ್ ನ್ಯಾಯಾಧೀಶನಾಗಿ ನ್ಯಾಯಾಲಯ ಆರಂಭವಾಯಿತು. ಇದರ ಜತೆಗೆ, ಪ್ರತಿಯೊಂದು ಸಮುದಾಯವೂ ತನ್ನ ಒಳಜಗಳಗಳನ್ನು ತನ್ನದೇ ಪಂಚಾಯತಿಯಲ್ಲಿ ಬಗೆಹರಿಸಿಕೊಳ್ಳುವಂತೆ ಆಂಜಿಯರ್ ವ್ಯವಸ್ಥೆ ಮಾಡಿದನು. ನಾಣ್ಯಗಳಿಗಾಗಿ ಟಂಕಸಾಲೆ ಕೆಲಸ ಆರಂಭಿಸಿತು. 1676ರಲ್ಲಿ ಅದಕ್ಕೆ ದೊರೆಯ ಸನ್ನದೂ ದೊರಕಿತು.

ಇವೆಲ್ಲಕ್ಕಿಂತ ದೂರಗಾಮಿಯಾದುದು ವಲಸೆಗಾರರ ವಿಷಯದಲ್ಲಿ ಅವನು ತಳೆದ ನಿಲುವು. ಪೋರ್ತುಗೀಸರ ನಾಡಿನಲ್ಲಿ ಮತಾಂತರದ ಒತ್ತಾಯವಿತ್ತು. ಮೊಗಲರ ಸೂರತ್ತಿನಲ್ಲಿಯೂ ಹಿಂದೂ ವರ್ತಕರು ನೆಮ್ಮದಿಯಿಂದಿರಲಿಲ್ಲ. ಇಂಥವರಿಗೆ ಮುಂಬಯಿಯಲ್ಲಿ ತಮ್ಮ ಧರ್ಮವನ್ನು ಆಚರಿಸುವ ಸ್ವಾತಂತ್ರ್ಯ ದೊರೆಯುವುದೆಂದು ಆಂಜಿಯರ್ ಭರವಸೆಯಿತ್ತನು. ನೇಕಾರರನ್ನು ಕರೆತರಲು ಪ್ರಯತ್ನಿಸಿದನು. ಅರ್ಮೇನಿಯನ್ ವರ್ತಕರು ಬಂದರು. ಪಾರ್ಸಿಗಳು ಬಂದು, 1670ರ ದಶಕದಲ್ಲಿಯೇ ಮಲಬಾರ್ ಹಿಲ್‌ನ ಮೇಲೆ ತಮ್ಮ ಮೌನಗೋಪುರವನ್ನು ಕಟ್ಟಿಕೊಂಡರು. ದೀವ್‌ನ ಬನಿಯಾ ವರ್ತಕ ನಿಮಾ ಪಾರಖ್ ಬರುವ ಮುನ್ನ ತನ್ನ ಷರತ್ತುಗಳನ್ನು ಕಂಪನಿಯ ಮುಂದಿಟ್ಟನು. ಮನೆಗೆ ಬಾಡಿಗೆಯಿಲ್ಲದ ನಿವೇಶನ, ಧರ್ಮಾಚರಣೆಗೆ ಅಡ್ಡಿಯಿಲ್ಲದಿರುವುದು, ಕಾವಲು ಸೇವೆಯಿಂದ ವಿನಾಯಿತಿ ಮೊದಲಾದುವು ಅದರಲ್ಲಿದ್ದವು. 1677ರ ಮಾರ್ಚಿಯಲ್ಲಿ ಈ ಒಪ್ಪಂದಕ್ಕೆ ಮುದ್ರೆ ಬಿತ್ತು. ಇದು ತತ್ತ್ವಜ್ಞಾನಿಯ ಉದಾರತೆಯಲ್ಲ, ವ್ಯಾಪಾರಿಯ ಲೆಕ್ಕಾಚಾರವೆಂಬುದು ನಿಜ. ಬಂಡವಾಳವೂ ಕಸುಬೂ ಉಳ್ಳವರು ಬಂದರೆ ಕಂಪನಿಯ ಸುಂಕ ಏರುತ್ತಿತ್ತು. ಆದರೂ ಬರುವವನು ಷರತ್ತು ಹಾಕಬಹುದು, ಆಳುವವನು ಅದಕ್ಕೆ ಬರಹದಲ್ಲಿ ಬದ್ಧನಾಗಬೇಕು ಎಂಬ ಈ ಪದ್ಧತಿ ಆ ಕಾಲದ ವಸಾಹತುಗಳಲ್ಲಿ ವಿರಳವಾದುದು.

ಸುತ್ತಲೂ ಶತ್ರುಗಳಿದ್ದ ಕಾಲವದು. 1673ರ ಫೆಬ್ರವರಿಯಲ್ಲಿ ವಾನ್ ಗೋಯನ್ಸ್‌ನ ಡಚ್ ನೌಕಾಪಡೆ ಮುಂಬಯಿಯ ಮುಂದೆ ಬಂದು ನಿಂತಿತು. ಆಂಜಿಯರನ ಸಿದ್ಧತೆಯನ್ನು ಕಂಡು ದಾಳಿಗೆ ಮುಂದಾಗದೆ ಹಿಂದಿರುಗಿತು. ಜಂಜೀರದ ಸಿದ್ದಿಯ ಹಡಗುಗಳು ಮಳೆಗಾಲದಲ್ಲಿ ಇಲ್ಲಿ ತಂಗಲು ಬಯಸುತ್ತಿದ್ದವು. ಅವಕಾಶ ಕೊಟ್ಟರೆ ಶಿವಾಜಿಗೆ ಕೋಪ, ಕೊಡದಿದ್ದರೆ ಮೊಗಲರಿಗೆ ಕೋಪ. 1674ರಲ್ಲಿ ಸಂಬಳ ಮತ್ತು ಸೌಲಭ್ಯಗಳ ಕೊರತೆಯಿಂದ ಕಂಪನಿಯ ಸಿಪಾಯಿಗಳೇ ದಂಗೆಯೆದ್ದರು.

ಕನ್ನಡ ನಾಡಿಗೂ ಈ ಕಥೆಗೂ ನೇರ ಸಂಬಂಧವಿದೆ. ಕಾರವಾರದ ಇಂಗ್ಲಿಷ್ ಕೋಠಿ ಸೂರತ್ತಿನ ಅಧೀನದಲ್ಲಿತ್ತು. ಘಟ್ಟದ ಕಾಳುಮೆಣಸು, ಹುಬ್ಬಳ್ಳಿಯ ಸುತ್ತಲಿನ ಹತ್ತಿಬಟ್ಟೆ ಅಲ್ಲಿಂದ ಹಡಗೇರುತ್ತಿದ್ದವು. 1673ರಲ್ಲಿ ಮರಾಠರ ಸೈನ್ಯ ಹುಬ್ಬಳ್ಳಿಯನ್ನು ಸೂರೆ ಮಾಡಿದಾಗ ಕಂಪನಿಯ ಕೋಠಿಯೂ ಲೂಟಿಯಾಯಿತು. 1674ರಲ್ಲಿ ಆಂಜಿಯರ್ ಹೆನ್ರಿ ಆಕ್ಸೆಂಡನ್ನನನ್ನು ರಾಯಗಡಕ್ಕೆ ಕಳುಹಿಸಿದನು. ಅವನು ಶಿವಾಜಿಯ ಪಟ್ಟಾಭಿಷೇಕವನ್ನು ಕಂಡು, ಒಪ್ಪಂದವೊಂದನ್ನು ಪಡೆದು ಮರಳಿದನು. ರಾಜಾಪುರದಲ್ಲಿ ಹಿಂದೆ ಆದ ನಷ್ಟಕ್ಕೆ ಪರಿಹಾರ ಒಪ್ಪಿಗೆಯಾಯಿತು. ಆದರೆ ಹುಬ್ಬಳ್ಳಿಯ ಹೊಣೆಯನ್ನು ಶಿವಾಜಿ ಒಪ್ಪಲಿಲ್ಲ.

ಇಂದು ಮುಂಬಯಿ ಎಂದು ಕರೆಯುವ ನಗರದ ಬಹುಭಾಗ ಆಂಜಿಯರನ ಅಧಿಕಾರದ ಹೊರಗಿತ್ತೆಂಬುದನ್ನೂ ಇಲ್ಲಿ ನೆನೆಯಬೇಕು. ಮಾಹೀಮ್ ಕೊಲ್ಲಿಯಾಚೆಯ ಸಾಷ್ಟಿ ದ್ವೀಪ ಪೋರ್ತುಗೀಸರ ವಶದಲ್ಲಿತ್ತು. ಮಲಾಡ್ ಆ ದ್ವೀಪದ ಪಡುವಣ ಅಂಚಿನದು. ಬಳುವಳಿಯಲ್ಲಿ ಸಾಷ್ಟಿಯೂ ಸೇರಿದೆಯೆಂದು ಇಂಗ್ಲಿಷರು ವಾದಿಸಿದರು; ಪೋರ್ತುಗೀಸರು ಒಪ್ಪಲಿಲ್ಲ. ಮುಂಬಯಿಯಿಂದ ಒಳನಾಡಿಗೆ ಹೋಗುವ ದೋಣಿಗಳಿಂದ ಅವರು ಠಾಣೆಯಲ್ಲಿ ಸುಂಕ ವಸೂಲು ಮಾಡುತ್ತಿದ್ದರು. ಈ ಸುಂಕ ಹೊಸ ಬಂದರಿನ ಕೊರಳಿಗೆ ಉರುಳಾಗಿತ್ತು. ಸಾಷ್ಟಿ 1739ರಲ್ಲಿ ಮರಾಠರಿಗೆ, 1774ರಲ್ಲಿ ಇಂಗ್ಲಿಷರಿಗೆ ಸೇರಿತು. ಮುಂದೆ ಮಲಾಡಿನ ಹಳದಿ ಛಾಯೆಯ ಕಲ್ಲು ನಗರದ ಕಟ್ಟಡಗಳಿಗೆ ಸಾಗಿತು. ಇಂದಿನ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದ ಗೋಡೆಗಳಲ್ಲಿ ಕುರ್ಲಾದ ಕಲ್ಲಿನೊಂದಿಗೆ ಅದನ್ನು ಕಾಣಬಹುದು. ಮಲಾಡ್ ನಗರಪಾಲಿಕೆಯ ಎಲ್ಲೆಯೊಳಗೆ ಬಂದದ್ದು 1957ರಲ್ಲಿ.

1670ರ ದಶಕದಲ್ಲಿ ಇಲ್ಲಿದ್ದ ವೈದ್ಯ ಜಾನ್ ಫ್ರಯರ್, ಕಾರವಾರ ಗೋಕರ್ಣಗಳನ್ನೂ ಸಂದರ್ಶಿಸಿದವನು, ಮುಂಬಯಿಯ ಜನಸಂಖ್ಯೆಯನ್ನು 60,000 ಎಂದು ಅಂದಾಜಿಸಿದನು. ಈ ಅಂಕಿಯಲ್ಲಿ ಉತ್ಪ್ರೇಕ್ಷೆಯಿರಬಹುದಾದರೂ ಬೆಳವಣಿಗೆಯ ವೇಗ ಸಂಶಯಾತೀತ. ಅದೇ ವೇಳೆಗೆ ಜೌಗುನೆಲದ ಜ್ವರ, ಭೇದಿಗಳು ಇಂಗ್ಲಿಷರನ್ನು ವರ್ಷವರ್ಷವೂ ಬಲಿ ತೆಗೆದುಕೊಳ್ಳುತ್ತಿದ್ದವು. ಸಮುದ್ರ ನುಗ್ಗುವ ಕಂಡಿಗಳನ್ನು ಮುಚ್ಚುವ, ಆಸ್ಪತ್ರೆ ಕಟ್ಟುವ, ಕೋಟೆ ಬಲಪಡಿಸುವ ಆಂಜಿಯರನ ಯೋಜನೆಗಳಿಗೆ ಲಂಡನ್ನಿನ ನಿರ್ದೇಶಕರು ಹಣ ಬಿಚ್ಚಲು ಹಿಂಜರಿದರು. ಅವನು ಉದ್ದೇಶಿಸಿದ ಇಗರ್ಜಿ ಪೂರ್ಣಗೊಂಡದ್ದು 1718ರಲ್ಲಿ. ಅದೇ ಇಂದಿನ ಸೇಂಟ್ ಥಾಮಸ್ ಕ್ಯಾಥೆಡ್ರಲ್. 1675ರಲ್ಲಿ ಅವನು ಮುಂಬಯಿಯ ಕ್ರೈಸ್ತರಿಗೆ ಅರ್ಪಿಸಿದ ಬೆಳ್ಳಿಯ ಪೂಜಾಪಾತ್ರೆ ಆ ಇಗರ್ಜಿಗೆ ಸೇರಿತು.

ಆರೋಗ್ಯ ಕೆಟ್ಟು, 1677ರ ಜೂನ್ 30ರಂದು ಆಂಜಿಯರ್ ಸೂರತ್ತಿನಲ್ಲಿ ನಿಧನನಾದನು. ಅಲ್ಲಿನ ಇಂಗ್ಲಿಷ್ ಸ್ಮಶಾನದಲ್ಲಿ ಆಕ್ಸೆಂಡನ್ ಸಹೋದರರ ಭವ್ಯ ಗೋರಿ ನೋಡುಗರನ್ನು ಸೆಳೆಯುತ್ತದೆ. ಆಂಜಿಯರನ ನೆನಪಿಗೆ ಅಂತಹ ವೈಭವ ಒದಗಲಿಲ್ಲ. ಅವನ ನಂತರ ಮಿತವ್ಯಯದ ಹೆಸರಿನಲ್ಲಿ ಕಂಪನಿ ಸಂಬಳ ಕಡಿತಕ್ಕೆ ಇಳಿಯಿತು. 1683ರಲ್ಲಿ ಕೀಗ್ವಿನ್‌ನ ಬಂಡಾಯವಾಯಿತು. 1689ರಲ್ಲಿ ಸಿದ್ದಿ ದ್ವೀಪಕ್ಕೆ ನುಗ್ಗಿದನು. ಹಿಂದೆಯೇ ರೋಗರುಜಿನಗಳು ಬಂದು ಜನಸಂಖ್ಯೆ ಕುಸಿಯಿತು. ಕಂಪನಿಯ ಪಶ್ಚಿಮ ಕೇಂದ್ರ 1687ರಲ್ಲಿಯೇ ಸೂರತ್ತಿನಿಂದ ಮುಂಬಯಿಗೆ ಬಂದಿದ್ದರೂ ಊರು ಚೇತರಿಸಿಕೊಳ್ಳಲು ಬಹಳ ಕಾಲ ಹಿಡಿಯಿತು.

ಹಾಗಾದರೆ ಉಳಿದುದೇನು? ಆಂಜಿಯರ್ ಕಂಪನಿಯ ಲಾಭಕ್ಕಾಗಿ ದುಡಿದವನು; ಅವನ ವಸಾಹತು ಮುಂದೆ ಒಂದು ಸಾಮ್ರಾಜ್ಯದ ಮೆಟ್ಟಿಲಾಯಿತು. ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಮುಂಬಯಿಯನ್ನು ಬೆಳೆಸಿದವರು ಹೊರಗಿನಿಂದ ಬಂದ ದುಡಿಮೆಗಾರರು, ವರ್ತಕರು, ಕಸುಬುದಾರರು ಎಂಬುದು ಅವನ ಕಾಲದಲ್ಲಿಯೇ ಸ್ಥಿರಪಟ್ಟಿತು. ದೀವ್‌ನ ಬನಿಯಾಗಳು, ಗುಜರಾತಿನ ಪಾರ್ಸಿಗಳು ಹಾಕಿದ ಜಾಡಿನಲ್ಲಿಯೇ ಬಹುಕಾಲದ ನಂತರ ಕರಾವಳಿಯ ಬಂಟರು, ಬಿಲ್ಲವರು, ಮೊಗವೀರರು, ಬಯಲುಸೀಮೆಯ ಕೂಲಿಕಾರರು ಬಂದರು. ಹೋಟೆಲುಗಳಲ್ಲಿ ದುಡಿದು, ರಾತ್ರಿಶಾಲೆಗಳಲ್ಲಿ ಓದಿ, ಮಲಾಡಿನಂತಹ ಉಪನಗರಗಳಲ್ಲಿ ಕನ್ನಡದ ನೆಲೆಗಳನ್ನು ಕಟ್ಟಿಕೊಂಡರು. ಅವರೊಡನೆ ಯಾವ ಗವರ್ನರನೂ ಒಪ್ಪಂದ ಮಾಡಿಕೊಂಡಿರಲಿಲ್ಲ. ಆದರೂ ಬಂದವನು ತನ್ನ ಭಾಷೆ, ದೇವರು, ಸಮುದಾಯಗಳನ್ನು ಬಿಡದೆಯೇ ಈ ಊರಿನವನಾಗಬಹುದೆಂಬ ನಂಬಿಕೆ ಅವರನ್ನು ಇಲ್ಲಿ ನಿಲ್ಲಿಸಿತು. ಆ ನಂಬಿಕೆಗೆ 1670ರ ದಶಕದಲ್ಲಿ ಬರಹದ ಆಧಾರ ಒದಗಿಸಿದವರಲ್ಲಿ ಆಂಜಿಯರ್ ಮೊದಲಿಗ. ಅದು ಅಲುಗಾಡಿದಾಗಲೆಲ್ಲ ಅವನ ಜೀವನವನ್ನು ಮತ್ತೆ ಅಭ್ಯಸಿಸುವುದು ಉಚಿತ.