ಬೆಟ್ಟದಾಚೆಯ ದೊಡ್ಡ ಸ್ವಾಮಿಗಳು: ಅಬ್ಬೆ ದುಬಾಯ್ ಅವರಿಂದ ನಾವು ಕಲಿಯಬೇಕಾದ ಪಾಠ

ಶಿರಾಡಿ ಘಾಟಿ ಹತ್ತಿ, ಸಕಲೇಶಪುರ ಮತ್ತು ಆಲೂರಿನ ಬೆಟ್ಟಗಳನ್ನು ದಾಟಿ ಹಾಸನಕ್ಕೆ ಹೋಗುವ ದಾರಿ ನಮ್ಮ ಕರಾವಳಿಯ ಎಷ್ಟೋ ಕುಟುಂಬಗಳಿಗೆ ಪರಿಚಿತ. ಆ ದಾರಿಯಲ್ಲಿ ಹೋದವರು ಹೇಮಾವತಿ ಹಿನ್ನೀರಿನಲ್ಲಿ ನಿಂತಿರುವ ಶೆಟ್ಟಿಹಳ್ಳಿಯ ಹಳೆಯ ದೇವಾಲಯವನ್ನು ನೋಡಿ ಫೋಟೋ ತೆಗೆದುಕೊಂಡು ಬರುತ್ತಾರೆ. ಅದನ್ನು ಕಟ್ಟಿಸಿದವರು ಅಬ್ಬೆ ದುಬಾಯ್ ಎಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಆ ದೇವಾಲಯವನ್ನು ಫ್ರೆಂಚ್ ಮಿಷನರಿಗಳು ಕಟ್ಟಿದ್ದು 1860ರ ದಶಕದಲ್ಲಿ. ದುಬಾಯ್ ಅವರು ತೀರಿಕೊಂಡದ್ದು 1848ರಲ್ಲಿ. ಆದರೆ ಹಾಸನ ಸೀಮೆಯ ಕ್ರೈಸ್ತರ ನಡುವೆ ಅವರು ಬಿಟ್ಟುಹೋದದ್ದು ಕಲ್ಲಿನ ಕಟ್ಟಡಕ್ಕಿಂತ ದೊಡ್ಡದು. ಅದನ್ನೇ ಇಲ್ಲಿ ನೆನೆಯೋಣ.

ಜಾನ್ ಆಂಟುವಾನ್ ದುಬಾಯ್ ಅವರು 1766ರಲ್ಲಿ ಫ್ರಾನ್ಸಿನ ಆರ್ದೆಷ್ ಪ್ರದೇಶದ ಸಾಂ ರೆಮೆಜ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. 1792ರಲ್ಲಿ ಗುರುದೀಕ್ಷೆ ಪಡೆದು, ಅದೇ ವರ್ಷ ಪ್ಯಾರಿಸ್ ವಿದೇಶಿ ಮಿಷನ್ ಸಂಸ್ಥೆಯ ಮೂಲಕ ಭಾರತಕ್ಕೆ ಹೊರಟರು. ಆಗ ಫ್ರಾನ್ಸಿನಲ್ಲಿ ಕ್ರಾಂತಿಯ ಬೆಂಕಿ. ಮೊದಲು ಪಾಂಡಿಚೇರಿ ಮಿಷನ್ನಿನಲ್ಲಿ ಸೇವೆ ಮಾಡಿದರು.

1799ರಲ್ಲಿ ಶ್ರೀರಂಗಪಟ್ಟಣ ಪತನವಾಯಿತು. ನಮ್ಮ ಕರಾವಳಿಯ ಹಿರಿಯರು 1784ರಿಂದ ಅನುಭವಿಸಿದ ಸೆರೆವಾಸ ಕೊನೆಗೊಂಡದ್ದು ಆಗಲೇ. ಮೈಸೂರು ಸೀಮೆಯ ಕ್ರೈಸ್ತ ಸಮುದಾಯವೂ ಚದುರಿಹೋಗಿತ್ತು. ಅದನ್ನು ಮತ್ತೆ ಒಟ್ಟುಗೂಡಿಸುವ ಕೆಲಸ ದುಬಾಯ್ ಅವರ ಪಾಲಿಗೆ ಬಂತು. ಅವರು ಇಲ್ಲಿನವರಂತೆ ಉಟ್ಟರು, ಇಲ್ಲಿನವರ ಊಟ ಉಂಡರು, ಮಾಂಸಾಹಾರ ಬಿಟ್ಟರು. ಜನ ಅವರನ್ನು ದೊಡ್ಡ ಸ್ವಾಮಿಗಳು ಎಂದು ಕರೆದರು.

ಬಡತನದಲ್ಲಿ ಬಿದ್ದ ಕ್ರೈಸ್ತರಿಗೆ ಬೋಧನೆ ಮಾತ್ರ ಸಾಲದು, ಉಳಲು ನೆಲ ಬೇಕು ಎಂಬುದನ್ನು ಅವರು ಕಂಡುಕೊಂಡರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯಗಾರರ ನೆಲೆಯೊಂದನ್ನು ಕಟ್ಟಿದರು. ಸಕಲೇಶಪುರದ ಕಡೆ ಈಗಿನಂಥ ದೊಡ್ಡ ಕಾಫಿ ತೋಟಗಳು ಇಲ್ಲದಿದ್ದ ಕಾಲ ಅದು. ಒಕ್ಕಲುತನವೇ ಬದುಕಿನ ಆಧಾರ.

ಅದೇ ಹೊತ್ತಿಗೆ ಸಿಡುಬು ಊರೂರನ್ನು ಖಾಲಿ ಮಾಡುತ್ತಿತ್ತು. ಇಂಗ್ಲೆಂಡಿನಲ್ಲಿ ಜೆನ್ನರ್ 1796ರಲ್ಲಿ ಕಂಡುಹಿಡಿದ ಗೋಸಿಡುಬಿನ ಲಸಿಕೆ ಭಾರತಕ್ಕೆ ಬಂದದ್ದು 1802ರಲ್ಲಿ. ದುಬಾಯ್ ಅವರು ತಡಮಾಡಲಿಲ್ಲ. 1803-04ರಲ್ಲೇ 25 ಸಾವಿರಕ್ಕೂ ಹೆಚ್ಚು ಜನರಿಗೆ ಲಸಿಕೆ ಹಾಕಿಸಿ ಲೆಕ್ಕ ಇಟ್ಟರು. ಹೊಸದಕ್ಕೆ ಹೆದರುವ ಜನ ತಮ್ಮ ಮಕ್ಕಳ ತೋಳನ್ನು ಪರದೇಶಿಯೊಬ್ಬರ ಮುಂದೆ ಚಾಚಬೇಕಾದರೆ ಎಷ್ಟು ನಂಬಿಕೆ ಬೇಕು! ಜನರ ಜೊತೆ ಜನರಂತೆ ಬದುಕಿದ್ದೇ ಆ ನಂಬಿಕೆಯನ್ನು ಗಳಿಸಿಕೊಟ್ಟಿತು ಎಂದು ನಮಗೆ ಅನಿಸುತ್ತದೆ.

ಇಲ್ಲಿನ ಜನರ ಆಚಾರ ವಿಚಾರಗಳ ಬಗ್ಗೆ ಅವರು ಬರೆದ ಗ್ರಂಥವನ್ನು ಈಸ್ಟ್ ಇಂಡಿಯಾ ಕಂಪನಿ 2,000 ಪಗೋಡ ಕೊಟ್ಟು ಕೊಂಡುಕೊಂಡಿತು. 1816ರಲ್ಲಿ ಅದು ಇಂಗ್ಲಿಷಿನಲ್ಲಿ ಅಚ್ಚಾಯಿತು. ಅವರ ಹೆಸರು ಲೋಕಕ್ಕೆಲ್ಲ ತಿಳಿದದ್ದು ಇದರಿಂದಲೇ. ಆದರೆ ಅದರಲ್ಲಿನ ಬಹಳಷ್ಟು ವಿಷಯ ಅವರಿಗಿಂತ ಮೊದಲಿದ್ದ ಜೆಸುಯಿಟ್ ಗುರು ಕರ್ದೂ ಅವರ ಬರಹದಿಂದ ಬಂದದ್ದು ಎಂದು 20ನೇ ಶತಮಾನದ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಹಿಂದಿನವರ ಹೆಸರು ಹೇಳದೇ ಹೋದದ್ದು ದುಬಾಯ್ ಅವರ ಕೊರತೆ. ಇದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ನಮ್ಮ ಸಂಘಗಳಲ್ಲೂ ಹಿಂದಿನ ಕಾರ್ಯದರ್ಶಿಯ ದುಡಿಮೆ ಹೊಸಬರ ಹೆಸರಿಗೆ ಸೇರಿಬಿಡುವುದು ಹೊಸದೇನಲ್ಲ.

ಸುಮಾರು 30 ವರ್ಷದ ಸೇವೆಯ ನಂತರ, 1823ರ ಜನವರಿಯಲ್ಲಿ ಅವರು ಭಾರತ ಬಿಟ್ಟರು. ಅದೇ ವರ್ಷ ಲಂಡನ್ನಿನಲ್ಲಿ ಅವರ ಪತ್ರಗಳ ಪುಸ್ತಕ ಹೊರಬಂತು. ಇಲ್ಲಿನ ಜನರನ್ನು ಮತಾಂತರಿಸುವ ತಮ್ಮ ಪ್ರಯತ್ನ ಸಫಲವಾಗಲಿಲ್ಲವೆಂದು ಅದರಲ್ಲಿ ಬಿಚ್ಚುಮನಸ್ಸಿನಿಂದ ಒಪ್ಪಿಕೊಂಡರು. ಅವರ ತೀರ್ಮಾನವನ್ನು ಹಲವು ಮಿಷನರಿಗಳು ಕಟುವಾಗಿ ಖಂಡಿಸಿದರು. ಜೀವಮಾನದ ದುಡಿಮೆ ಗುರಿ ಮುಟ್ಟಲಿಲ್ಲವೆಂದು ತಾನೇ ಬರೆದುಕೊಡುವುದು ಯಾವ ನಾಯಕನಿಗೂ ಸುಲಭವಲ್ಲ. ಮುಂದೆ ಅವರು ಪ್ಯಾರಿಸ್ಸಿನಲ್ಲಿ ತಮ್ಮ ಸಂಸ್ಥೆಯ ಶ್ರೇಷ್ಠರಾದರು. ಹೀಗೆ ಸೋಲನ್ನು ಒಪ್ಪಿಕೊಂಡವರ ಕೈಗೇ ಹೊಸ ಮಿಷನರಿಗಳನ್ನು ಕಳಿಸುವ ಹೊಣೆ ಬಂತು.

ನಾವು ಧರ್ಮಕೇಂದ್ರಗಳಲ್ಲಿ ವರ್ಷದ ಕೊನೆಗೆ ವರದಿ ಬರೆಯುತ್ತೇವೆ. ಎಷ್ಟು ಜನ ಸೇರಿದರು, ಎಷ್ಟು ಹಣ ಕೂಡಿತು, ಎಷ್ಟು ಕಾರ್ಯಕ್ರಮ ನಡೆಯಿತು. ಆಗದೇ ಹೋದದ್ದರ ಬಗ್ಗೆ ಒಂದು ಸಾಲನ್ನೂ ಬರೆಯುವುದಿಲ್ಲ. ದೊಡ್ಡ ಸ್ವಾಮಿಗಳು ತಾವು ಸೋತೆವೆಂದು ತಿಳಿದ ಲೆಕ್ಕ ಒಂದು. ಸಿಡುಬಿನಿಂದ ಉಳಿದ ಮಕ್ಕಳ, ಸಾತಳ್ಳಿಯಲ್ಲಿ ನೆಲೆ ಕಂಡ ಒಕ್ಕಲುಗಳ ಲೆಕ್ಕ ಇನ್ನೊಂದು. ಉಳಿದದ್ದು ಎರಡನೆಯದು. ಸೋಲನ್ನು ಪ್ರಾಮಾಣಿಕವಾಗಿ ಬರೆದಿಡುವ, ಜನರ ಅಗತ್ಯವನ್ನು ಮೊದಲು ನೋಡುವ ಧೈರ್ಯ ನಮಗೂ ಬರಲಿ. ಮುಂದಿನ ಸಲ ಶೆಟ್ಟಿಹಳ್ಳಿಯ ಮುಂದೆ ನಿಂತಾಗ, ಅದನ್ನು ಕಟ್ಟದಿದ್ದರೂ ಆ ಸೀಮೆಯ ಬದುಕನ್ನು ಕಟ್ಟಿದ ಈ ಹಿರಿಯರನ್ನು ಒಂದು ಕ್ಷಣ ನೆನೆಯೋಣ.