ಡಾ. ಡುಬಾಯ್ಸರ ವಿದ್ಯಾರ್ಥಿದೆಸೆ

ಅಮೇರಿಕೆಯ ಮ್ಯಾಸಚೂಸೆಟ್ಸ್ ಸಂಸ್ಥಾನದ ಗ್ರೇಟ್ ಬ್ಯಾರಿಂಗ್‌ಟನ್ ಎಂಬ ಸಣ್ಣ ಊರಿನಲ್ಲಿ 1868ನೆಯ ಫೆಬ್ರವರಿ 23ರಂದು ಜನಿಸಿದ ವಿಲಿಯಂ ಡುಬಾಯ್ಸರು ಮುಂದೆ ಕರಿಯ ಜನಾಂಗದ ಮಹಾ ವಿದ್ವಾಂಸರೆಂದು ಜಗದ್ವಿಖ್ಯಾತರಾದರು. ಅವರ ಗ್ರಂಥಗಳನ್ನೂ ಹೋರಾಟವನ್ನೂ ಕುರಿತು ಬರೆದವರು ಬಹಳ ಮಂದಿ. ಶಾಲೆ ಕಾಲೇಜುಗಳಲ್ಲಿ ಅವರು ನುಂಗಿಕೊಂಡ ಸಣ್ಣ ಅವಮಾನಗಳ ಕಥೆಯನ್ನು ಇಲ್ಲಿ ಹೇಳುವೆವು.

ತಂದೆಯು ಮಗನ ಎಳೆತನದಲ್ಲಿಯೇ ಮನೆ ಬಿಟ್ಟು ಹೋದನು. ತಾಯಿ ಪರರ ಮನೆಗಳಲ್ಲಿ ದುಡಿದಳು. ಪಾರ್ಶ್ವವಾಯು ಬಡಿದ ಮೇಲೂ ಮಗನ ಓದನ್ನು ನಿಲ್ಲಿಸಗೊಡಲಿಲ್ಲ. ಊರಿನಲ್ಲಿ ಕರಿಯರು ತೀರ ಕಡಿಮೆ. ಬಾಲಕನು ಬಿಳಿಯ ಮಕ್ಕಳೊಡನೆ ಆಡುತ್ತ ಓದುತ್ತ, ಭೇದವನ್ನರಿಯದೆ ಬೆಳೆದನು. ಒಮ್ಮೆ ಸಹಪಾಠಿಗಳೆಲ್ಲರೂ ಕಟ್ಟಿಗೆ ಹತ್ತು ಸೆಂಟಿನಂತೆ ಭೇಟಿಯ ಕಾರ್ಡುಗಳನ್ನು ಕೊಂಡು ಪರಸ್ಪರ ಹಂಚಿಕೊಳ್ಳುವ ಆಟವಾಡಿದರು. ಹೊಸದಾಗಿ ಬಂದಿದ್ದ ಒಬ್ಬ ಹುಡುಗಿ ಇವನ ಕಾರ್ಡನ್ನು ಮಾತ್ರ, ಒಂದು ನೋಟ ಬೀರಿ, ಬೇಡವೆಂದಳು. ಬೈಗುಳವಿಲ್ಲ, ಹೊಡೆತವಿಲ್ಲ, ಉಪಾಧ್ಯಾಯರಲ್ಲಿ ದೂರು ಹೇಳಲು ಏನೂ ಇರಲಿಲ್ಲ. ತನಗೂ ಉಳಿದವರಿಗೂ ನಡುವೆ ಒಂದು ತೆರೆಯಿದೆಯೆಂದು ಬಾಲಕನಿಗೆ ಅಂದು ತಿಳಿಯಿತು. ಅಳುವುದರ ಬದಲು ಅವನು ಪರೀಕ್ಷೆಯಲ್ಲಿಯೂ ಓಟದಲ್ಲಿಯೂ ಅವರನ್ನು ಹಿಂದೆ ಹಾಕತೊಡಗಿದನು.

ಮುಖ್ಯೋಪಾಧ್ಯಾಯ ಹಾಸ್ಮರರ ಪ್ರೋತ್ಸಾಹದಿಂದ ಗ್ರೀಕ್, ಲ್ಯಾಟಿನ್ ಕಲಿತು 1884ರಲ್ಲಿ ಪ್ರೌಢಶಾಲೆಯನ್ನು ಮುಗಿಸಿದನು. ಅನಂತರ ತಾಯಿ ತೀರಿಕೊಂಡಳು. ಹುಡುಗನ ಆಸೆ ಹಾರ್ವರ್ಡ್. ಊರ ಚರ್ಚುಗಳವರು ಹಣ ಕೂಡಿಸಿ 1885ರಲ್ಲಿ ಕಳುಹಿಸಿದ್ದು ದಕ್ಷಿಣದ ನ್ಯಾಶ್‌ವಿಲ್ಲಿನಲ್ಲಿ ಕರಿಯರಿಗಾಗಿ ಇದ್ದ ಫಿಸ್ಕ್ ವಿದ್ಯಾಲಯಕ್ಕೆ. ಔದಾರ್ಯದೊಳಗೂ ಒಂದು ಲೆಕ್ಕಾಚಾರ ಅಡಗಿದ್ದೀತು! ಆದರೆ ತನ್ನವರ ನಡುವೆ ತಲೆಯೆತ್ತಿ ಓದುವ ಸುಖ ಅವರಿಗೆ ದೊರೆತದ್ದು ಅಲ್ಲಿಯೇ.

1888ರ ಬೇಸಗೆಯಲ್ಲಿ ಅವರು ಮಿನೆಸೋಟದ ಮಿನೆಟೊಂಕಾ ಸರೋವರದ ದಡದ ಹೋಟೆಲೊಂದರಲ್ಲಿ ಮೇಜು ತೆಗೆಯುವ ಕೆಲಸಕ್ಕೆ ಸೇರಿದರು. ಕೆಲಸದವರಿಗೆ ಸರಿಯಾದ ಊಟದ ಏರ್ಪಾಡು ಇರಲಿಲ್ಲ. ಕದ್ದು ಮುಚ್ಚಿ ಸಿಕ್ಕಿದ್ದನ್ನು ತಿನ್ನಬೇಕಾಗಿತ್ತು. ನಮ್ಮ ವಾಚಕರಲ್ಲಿ ಅನೇಕರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕೆಲಸವು ಅವರಿಗೆ ಹೀನವೆನಿಸಲಿಲ್ಲ. ಉಣ್ಣುವವನೂ ಬಡಿಸುವವನೂ ಬೇರೆ ಬೇರೆ ಜೀವಜಾತಿಯವರೆಂಬಂತಹ ನಟನೆಯೇ ಸಹಿಸದಾಯಿತು. ಬಾಯ್ತುಂಬ ತುಂಬಿಕೊಂಡ ಗಿರಾಕಿಯೊಬ್ಬನು ದರ್ಪದಿಂದ ಕೈಸನ್ನೆ ಮಾಡಿ ಕರೆದಾಗ ಅವರು ಅತ್ತ ತಿರುಗಿ ನೋಡಲೇ ಇಲ್ಲ.

ಅದೇ ವರ್ಷ ಹಾರ್ವರ್ಡಿನ ಬಾಗಿಲು ತೆರೆಯಿತು. ಫಿಸ್ಕಿನ ಪದವಿಯನ್ನು ಪದವಿಯೆಂದು ಎಣಿಸದೆ ಕೆಳಗಿನ ತರಗತಿಗೆ ಸೇರಿಸಿಕೊಂಡರು. ಕಂಠ ಚೆನ್ನಾಗಿದ್ದರೂ ಗಾಯನ ಸಂಘದವರು ಸೇರಿಸಿಕೊಳ್ಳಲಿಲ್ಲ. ಒಂದು ಸತ್ಕಾರಕೂಟದಲ್ಲಿ ಬಿಳಿಯ ಮಹಿಳೆಯೊಬ್ಬಳು ಅವರನ್ನು ಹಟ ಹಿಡಿದಂತೆ ಮಾಣಿಯೆಂದೇ ಭಾವಿಸಿದಳು. ಇಂತಹವಕ್ಕೆ ಅವರು ಕಂಡುಕೊಂಡ ಉಪಾಯ ಸರಳವಾದುದು: ವಿದ್ಯಾಲಯದಿಂದ ಅಧ್ಯಾಪಕರನ್ನೂ ಪುಸ್ತಕಾಲಯವನ್ನೂ ಮಾತ್ರ ಬಯಸಿದರು, ಬಿಳಿಯ ಸಹಪಾಠಿಗಳ ಸ್ನೇಹವನ್ನು ಅರಸಿ ಹೋಗಲಿಲ್ಲ. ಕರಿಯ ಗೃಹಿಣಿಯೊಬ್ಬಳ ಮನೆಯಲ್ಲಿ ಕೋಣೆ ಹಿಡಿದು, ಬೋಸ್ಟನ್ನಿನ ಕರಿಯ ಸಮಾಜದಲ್ಲಿ ಬೆರೆತರು. ತತ್ತ್ವಜ್ಞಾನಿ ವಿಲಿಯಂ ಜೇಮ್ಸರಂತಹ ಗುರುಗಳು ಮನೆಗೆ ಕರೆದು ಆದರಿಸಿದ್ದೂ ನಿಜ. ಈ ಏಕಾಂತವು ಅವರನ್ನು ಕಾಪಾಡಿತು. ಸ್ವಭಾವವನ್ನು ಕೊಂಚ ಬಿಗಿಯಾಗಿಯೂ ಮಾಡಿತೆಂದು ನಮಗೆ ತೋರುತ್ತದೆ.

ವಿದೇಶದಲ್ಲಿ ಓದಿಸಲು ಅರ್ಹನಾದ ಕರಿಯನು ದೊರೆಯಲಿಲ್ಲವೆಂದು ಮಾಜಿ ಅಧ್ಯಕ್ಷ ಹೇಯ್ಸರು ಹೇಳಿದುದಾಗಿ 1890ರಲ್ಲಿ ಪತ್ರಿಕೆಗಳಲ್ಲಿ ಬಂದಿತು. ಡುಬಾಯ್ಸರು ಸುಮ್ಮನಿರಲಿಲ್ಲ, ಕಾಗದದ ಮೇಲೆ ಕಾಗದ ಬರೆದು, ಅವರ ನಿಧಿಯಿಂದಲೇ ನೆರವು ಪಡೆದು 1892ರಲ್ಲಿ ಬರ್ಲಿನ್ನಿಗೆ ಹೋದರು. 1895ರಲ್ಲಿ ಹಾರ್ವರ್ಡಿನಿಂದ ಡಾಕ್ಟರೇಟ್ ಪಡೆದ ಮೊದಲ ಕರಿಯರಾದರು.

1910ರಿಂದ 1934ರ ವರೆಗೆ ಅವರು ‘ಕ್ರೈಸಿಸ್’ ಪತ್ರಿಕೆಯನ್ನು ನಡೆಸಿದರು. 1935ರಲ್ಲಿ ಒಂದು ಲೇಖನದಲ್ಲಿ, ಮಗುವನ್ನು ಕೀಳಾಗಿ ಕಾಣುವ ಸಮ್ಮಿಶ್ರ ಶಾಲೆಗಿಂತ ಅಕ್ಕರೆಯ ಗುರುಗಳಿರುವ ಪ್ರತ್ಯೇಕ ಶಾಲೆಯೇ ಮೇಲೆಂದು ವಾದಿಸಿದರು. ಬೇರ್ಪಡಿಕೆಯ ವಿರುದ್ಧ ಬಾಳೆಲ್ಲ ಹೋರಾಡಿದವರು ಹೀಗೆನ್ನಬೇಕಾದರೆ ಆ ಕಾರ್ಡಿನ ನೆನಪು ಎಷ್ಟು ಆಳದಲ್ಲಿತ್ತೋ! 1946ರಲ್ಲಿ ಅವರಿಗೆ ಭಾರತದಿಂದ ಒಂದು ಪತ್ರ ಹೋಯಿತು. ಬರೆದವರು, ಬಾಲ್ಯದಲ್ಲಿ ಸಾತಾರೆಯ ಶಾಲೆಯಲ್ಲಿ ಗೋಣಿಚೀಲದ ಮೇಲೆ ಬೇರೆಯಾಗಿ ಕುಳಿತು ಓದಿದ ಡಾ. ಅಂಬೇಡ್ಕರರು. ಡುಬಾಯ್ಸರು ಸಹಾನುಭೂತಿಯಿಂದ ಉತ್ತರವಿತ್ತರು.

1961ರಲ್ಲಿ ಘಾನಾ ದೇಶಕ್ಕೆ ತೆರಳಿದ ಡುಬಾಯ್ಸರು 1963ನೆಯ ಆಗಸ್ಟ್ 27ರಂದು ಆಕ್ರಾ ನಗರದಲ್ಲಿ, 95ನೆಯ ವಯಸ್ಸಿನಲ್ಲಿ ನಿಧನ ಹೊಂದಿದರು.