ದುರ್ಗದ ವಕೀಲ, ಏಕೀಕರಣದ ಮುಂದಾಳು

ಹರಿದು ಹಂಚಿಹೋಗಿದ್ದ ಕನ್ನಡ ನಾಡಿನ ಅವಸ್ಥೆಗೆ ಎಸ್. ನಿಜಲಿಂಗಪ್ಪನವರ ಬಾಲ್ಯ, ಯೌವನಗಳೇ ಸಾಕ್ಷಿ. 1902ರ ಡಿಸೆಂಬರ್ 10ರಂದು ಅವರು ಜನಿಸಿದ ಹಲುವಾಗಲು ಗ್ರಾಮ ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಆಗ ಅದು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಓದಿದ್ದು ಮೈಸೂರು ಸಂಸ್ಥಾನದ ದಾವಣಗೆರೆ, ಚಿತ್ರದುರ್ಗ, ಬೆಂಗಳೂರುಗಳಲ್ಲಿ. ಕಾನೂನು ಪದವಿ ಪಡೆದದ್ದು ಮುಂಬಯಿ ಪ್ರಾಂತ್ಯದ ಪುಣೆಯಲ್ಲಿ.

1926ರಲ್ಲಿ ಪದವಿ ಮುಗಿಸಿ ಚಿತ್ರದುರ್ಗಕ್ಕೆ ಮರಳಿ ವಕೀಲಿ ವೃತ್ತಿ ಆರಂಭಿಸಿದರು. ಸೇವಾದಳದ ನಾ.ಸು. ಹರ್ಡೀಕರರ ಸಂಪರ್ಕ ಅವರನ್ನು ಕಾಂಗ್ರೆಸ್‌ಗೆ ಹತ್ತಿರ ತಂದಿತು. 1939ರಲ್ಲಿ ಹೆಂಡದ ಮೂಲವಾದ ಈಚಲು ಮರಗಳನ್ನು ಕಡಿಯುವ ತುರುವನೂರು ಸತ್ಯಾಗ್ರಹದ ಮುಂಚೂಣಿಯಲ್ಲಿ ನಿಂತು ಸೆರೆಮನೆ ಸೇರಿದರು. ಸಂವಿಧಾನ ರಚನಾ ಸಭೆಯ ಸದಸ್ಯತ್ವದ ಬಳಿಕ 1952ರಲ್ಲಿ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದರು.

ಏಕೀಕರಣದ ಬಗ್ಗೆ ಹಳೆಯ ಮೈಸೂರಿನ ಹಲವು ನಾಯಕರಿಗೆ ಅಳುಕಿತ್ತು. ಸಂಸ್ಥಾನದೊಳಗೇ ಬೆಳೆದ ನಿಜಲಿಂಗಪ್ಪನವರು ಮಾತ್ರ ಒಂದಾಗುವ ಪಕ್ಷದಲ್ಲಿ ದೃಢವಾಗಿ ನಿಂತರು. 1956ರ ನವೆಂಬರ್ 1ರಂದು ಉದಯಿಸಿದ ವಿಶಾಲ ಮೈಸೂರು ರಾಜ್ಯದ ಪ್ರಥಮ ಮುಖ್ಯಮಂತ್ರಿ ಸ್ಥಾನ ಅವರಿಗೇ ಒಲಿಯಿತು. ಆದರೆ ಪಕ್ಷದೊಳಗಿನ ಭಿನ್ನಮತದಿಂದಾಗಿ 1958ರ ಮೇ ತಿಂಗಳಲ್ಲಿ ಅಧಿಕಾರ ಬಿಡಬೇಕಾಯಿತು.

1962ರ ಚುನಾವಣೆಯಲ್ಲಿ ತವರು ಜಿಲ್ಲೆಯ ಹೊಸದುರ್ಗವೇ ಅವರನ್ನು ಸೋಲಿಸಿತು. ಎಸ್.ಆರ್. ಕಂಠಿ ಕೆಲವು ತಿಂಗಳು ಮುಖ್ಯಮಂತ್ರಿಯಾದರು. ಬಾಗಲಕೋಟೆಯಿಂದ ವಿಧಾನಸಭೆ ಪ್ರವೇಶಿಸಿದ ನಿಜಲಿಂಗಪ್ಪನವರು ಜೂನ್‌ನಲ್ಲಿ ಮತ್ತೆ ಅಧಿಕಾರಕ್ಕೆ ಬಂದರು. ಆರು ವರ್ಷ ಹಿಂದಷ್ಟೇ ಬೇರೊಂದು ರಾಜ್ಯದಲ್ಲಿದ್ದ ಊರು ದುರ್ಗದ ವಕೀಲರ ಕೈ ಹಿಡಿದಿತ್ತು. ಏಕೀಕರಣದ ಫಲವನ್ನು ಅವರೇ ಮೊದಲು ಉಂಡಂತಾಯಿತು. 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಸ್ಥಾಪನೆ, 1965ರಲ್ಲಿ ಶರಾವತಿ ವಿದ್ಯುತ್ ಯೋಜನೆಯ ಉದ್ಘಾಟನೆ ಈ ಅವಧಿಯಲ್ಲೇ ನಡೆದವು. ಬೆಳಗಾವಿ ನಗರ ರಾಜ್ಯದಲ್ಲೇ ಉಳಿಯಬೇಕೆಂದ ಮಹಾಜನ ಆಯೋಗದ 1967ರ ವರದಿಯೂ ಆಗಲೇ ಹೊರಬಂತು.

1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ ಅಧ್ಯಕ್ಷ ಪದವಿ ದೊರೆಯಿತು. ಅದೇ ಅವರ ರಾಜಕೀಯ ಜೀವನದ ಶಿಖರ, ಇಳಿಜಾರಿನ ಆರಂಭವೂ ಹೌದು. ರಾಷ್ಟ್ರಪತಿ ಚುನಾವಣೆಗೆ ಪಕ್ಷದ ಅಧಿಕೃತ ಅಭ್ಯರ್ಥಿ ಸಂಜೀವ ರೆಡ್ಡಿ. ಅವರಿಗಾಗಿ ಜನಸಂಘ, ಸ್ವತಂತ್ರ ಪಕ್ಷಗಳ ನಾಯಕರೊಡನೆ ನಿಜಲಿಂಗಪ್ಪ ನಡೆಸಿದ ಮಾತುಕತೆಯೇ ಇಂದಿರಾ ಗಾಂಧಿ ಬಣಕ್ಕೆ ಅಸ್ತ್ರವಾಯಿತು. 1969ರ ಆಗಸ್ಟ್‌ನಲ್ಲಿ ವಿ.ವಿ. ಗಿರಿ ಗೆದ್ದರು. ನವೆಂಬರ್ 12ರಂದು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಲಾಯಿತು, ಕಾಂಗ್ರೆಸ್ ಇಬ್ಭಾಗವಾಯಿತು.

ವಕೀಲರಾಗಿದ್ದ ನಿಜಲಿಂಗಪ್ಪನವರು ಪಕ್ಷದ ಶಿಸ್ತು, ನಿಯಮಗಳನ್ನು ನೆಚ್ಚಿದ್ದರು. ಆದರೆ ತೀರ್ಪು ಜನತೆಯ ನ್ಯಾಯಾಲಯದಿಂದ ಬಂತು. 1971ರ ಲೋಕಸಭಾ ಚುನಾವಣೆಯಲ್ಲಿ ಮೈಸೂರು ರಾಜ್ಯದ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ ಪಾಲಾದವು. ಅವರು ಕಟ್ಟಿದ ರಾಜ್ಯವೇ ಅವರ ಬಣವನ್ನು ತಿರಸ್ಕರಿಸಿತ್ತು.

2000ದ ಆಗಸ್ಟ್ 8ರಂದು ಚಿತ್ರದುರ್ಗದಲ್ಲಿ ನಿಜಲಿಂಗಪ್ಪ ನಿಧನರಾದರು. ನಗರದ ಸಮೀಪದ ಸೀಬಾರದಲ್ಲಿ ಅವರ ಸಮಾಧಿ ಇದೆ. ಅವರು ಅಧ್ಯಕ್ಷರಾಗಿ ಮುನ್ನಡೆಸಿದ ಸಂಸ್ಥಾ ಕಾಂಗ್ರೆಸ್ 1977ರಲ್ಲೇ ಜನತಾ ಪಕ್ಷದಲ್ಲಿ ಲೀನವಾಗಿತ್ತು. ಹಲುವಾಗಲು, ಚಿತ್ರದುರ್ಗ, ಬಾಗಲಕೋಟೆಗಳನ್ನು ಒಂದೇ ಆಡಳಿತದಡಿ ತಂದ ರಾಜ್ಯ ಮಾತ್ರ ಉಳಿದಿದೆ.